ಬೇಡದ ಗಿಡ

ಕನ್ನಡದಲ್ಲಿ ‘ಬೇಡದ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಯಾರಿಗೂ ಬೇಕಾಗಿಲ್ಲದುದು ಎಂಬುದೊಂದು. ಯಾರನ್ನೂ ಏನನ್ನೂ ಯಾಚಿಸದುದು ಎಂಬುದು ಇನ್ನೊಂದು. ವ್ಯಾಕರಣದ ದೃಷ್ಟಿಯಿಂದ ಇವು ಬೇರೆ ಬೇರೆ ಮಾತುಗಳು. ರೂಪದಲ್ಲಿ ಮಾತ್ರ ಒಂದಾಗಿವೆ. ಆದರೆ ಲೋಕವ್ಯವಹಾರವನ್ನು ನೋಡಿದರೆ ಈ ಕೂಟವು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಏನನ್ನೂ ಬೇಡದವನು ಕಾಲಕ್ರಮದಲ್ಲಿ ಯಾರಿಗೂ ಬೇಡದವನಾಗಿ ಬಿಡುವುದನ್ನು ಮನೆಮನೆಯಲ್ಲಿಯೂ ಕಾಣಬಹುದು. ಅಳುವ ಮಗುವಿಗೆ ಹಾಲು ಮೊದಲು. ಸುಮ್ಮನೆ ಮಲಗಿರುವ ಮಗುವನ್ನು ‘ಒಳ್ಳೆಯ ಮಗು’ ಎಂದು ಹೊಗಳಿ ತಾಯಿಯು ಬೇರೆ ಕೆಲಸಕ್ಕೆ ಹೋಗುತ್ತಾಳೆ. ಹಾಗಾದರೆ ಬೇಡದವರಿಗೆ ಸಲ್ಲತಕ್ಕ ಪಾಲು ಯಾವುದು? ಅವರ ಅಲ್ಪತೃಪ್ತಿಯನ್ನು ಹೊಗಳಿದ ಮಾತ್ರಕ್ಕೆ ಆ ಪಾಲನ್ನು ಕೊಟ್ಟಂತಾಯಿತೆ? ಧರ್ಮದ ಈ ಪ್ರಶ್ನೆಯನ್ನು ಮನೆಯ ಹಿತ್ತಲಲ್ಲಿ ಬೆಳೆಯಬಹುದಾದ ಒಂದು ಸಾಮಾನ್ಯವಾದ ಗಿಡದ ನಿದರ್ಶನದಿಂದ ವಿಚಾರ ಮಾಡಬಹುದು. ಆ ಗಿಡವು ತಂಗಡಿ.

ಹಾಸನ ಜಿಲ್ಲೆಯ ನೆಲವು ಪಡುವಣಿಂದ ಮೂಡಣಕ್ಕೆ ಬರುತ್ತ ಬರುತ್ತ ಒಣಗುತ್ತದೆ. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದುಂಟು. ಬೇಲೂರಿನ ಪಶ್ಚಿಮಭಾಗದಲ್ಲಿ ಕಾಫಿಯ ತೋಟಗಳಿವೆ. ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದ ಹಳೇಬೀಡಿಗೆ ಬರುವಷ್ಟರಲ್ಲಿ ಮರಗಳು ವಿರಳವಾಗಿ ಕುರುಚಲು ಮೊದಲಾಗುತ್ತದೆ. ಜಾವಗಲ್ಲನ್ನು ಕಳೆದು ಅರಸೀಕೆರೆಯ ಬಯಲಿಗೆ ಇಳಿದರೆ ಮಳೆಯು 700 ಮಿಲಿಮೀಟರಿನ ಆಸುಪಾಸು. ಅದು ರಾಗಿ, ಹುರುಳಿ, ತೆಂಗುಗಳ ಸೀಮೆ. ನೀರಿನ ಬೆಲೆಯನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಯ್ಸಳರ ಕಾಲದಲ್ಲಿ ಅರಸಿಯೊಬ್ಬಳು ಕಟ್ಟಿಸಿದಳೆಂಬ ಕೆರೆಯಿಂದಲೇ ಅರಸೀಕೆರೆಗೆ ಆ ಹೆಸರು ಬಂದಿತು. ಹಳೇಬೀಡಿನ ಹಿಂದಿನ ಹೆಸರಾದ ದೋರಸಮುದ್ರವೂ ಕೆರೆಯ ಹೆಸರೇ. 1121ರಲ್ಲಿ ಆರಂಭವಾದ ಹೊಯ್ಸಳೇಶ್ವರ ದೇವಾಲಯಕ್ಕಿಂತ ಆ ಕೆರೆಯು ಹಳೆಯದು. ಮೊದಲು ನೀರು, ಆಮೇಲೆ ಶಿಲ್ಪ ಎಂಬ ಕ್ರಮವನ್ನು ಆ ಹಿರಿಯರು ಬಲ್ಲವರಾಗಿದ್ದರು.

ಇತ್ತೀಚಿನ ಸ್ಥಿತಿಯು ಬೇರೆ. ಕೆರೆಯ ಸ್ಥಾನಕ್ಕೆ ಕೊಳವೆ ಬಾವಿ ಬಂದಿದೆ. ಕೆರೆಯು ಎಲ್ಲರ ಕಣ್ಣಿಗೆ ಬೀಳುವಂಥದು. ಅದರ ನೀರು ಇಳಿದರೆ ಊರಿಗೆ ಊರೇ ಕಾಣುತ್ತದೆ. ಕೊಳವೆ ಬಾವಿಯ ನೀರು ಇಳಿಯುವುದು ಯಾರಿಗೂ ಕಾಣುವುದಿಲ್ಲ. ಒಬ್ಬನು ತನ್ನ ಅಂಗಳದಲ್ಲಿ ಎತ್ತಿದ ನೀರು ನೆರೆಯವನ ನೆಲದಡಿಯಿಂದ ಬಂದಿತೋ ಎಂಬ ಸಂದೇಹವೂ ಹುಟ್ಟುವುದಿಲ್ಲ. 2010ರ ದಶಕದ ಬರಗಾಲಗಳಲ್ಲಿ ಅರಸೀಕೆರೆಯ ಕಡೆ ಹತ್ತಾರು ವರ್ಷ ಫಲ ಕೊಟ್ಟಿದ್ದ ತೆಂಗಿನ ಮರಗಳು ಸುಳಿ ಒಣಗಿ ನಿಂತವು. ಸಕಲೇಶಪುರದ ಕಡೆಯ ಹಳ್ಳಗಳ ನೀರನ್ನು ಎತ್ತಿ ಪೂರ್ವದ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರಲ್ಲಿ ಉದ್ಘಾಟನೆಯಾಯಿತು. ಒಂದು ಕಣಿವೆಯ ನೀರನ್ನು ಇನ್ನೊಂದು ಕಣಿವೆಗೆ ತರಬೇಕಾದ ಕಾಲದಲ್ಲಿ ಹೂದೋಟಕ್ಕೆ ಸುರಿಯುವ ಕೊಡಪಾನದ ಲೆಕ್ಕವನ್ನು ಕೇಳುವುದು ಜಿಪುಣತನವೆನಿಸಲಾರದು.

ಇಂಥ ನೆಲದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ತಂಗಡಿಯು ಬೆಳೆಯುತ್ತದೆ. ಇದನ್ನು ಆವರಿಕೆಯೆಂದೂ ಹೊನ್ನಾವರಿಕೆಯೆಂದೂ ಕರೆಯುತ್ತಾರೆ, ಸಂಸ್ಕೃತದಲ್ಲಿ ಆವರ್ತಕೀ, ತೆಲುಗರಿಗೆ ತಂಗೇಡು, ತಮಿಳರಿಗೆ ಆವಾರಂ. ಎಲೆಗಳ ಬುಡದಲ್ಲಿ ಕಿವಿಯಾಕಾರದ ಎರಡು ದಳಗಳಿರುವುದರಿಂದ ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಕಿವಿಯುಳ್ಳದು’ ಎಂಬ ಅರ್ಥ ಬರುವ ಲ್ಯಾಟಿನ್ ಹೆಸರನ್ನಿಟ್ಟಿದ್ದಾರೆ. ಆಳೆತ್ತರಕ್ಕೆ ಹೆಚ್ಚಾಗಿ ಬೆಳೆಯದ ಪೊದೆ. ಹುಣಿಸೆಯ ಎಲೆಯನ್ನು ಹೋಲುವ, ಆದರೆ ಅದಕ್ಕಿಂತ ದೊಡ್ಡದಾದ ಚಿಕ್ಕೆಲೆಗಳ ಸಾಲು. ಕೊನೆಗಳಲ್ಲಿ ಗೊಂಚಲುಗೊಂಚಲಾಗಿ ಐದೆಸಳಿನ ಹೊಂಬಣ್ಣದ ಹೂಗಳು. ಆಮೇಲೆ ಕಾಗದದಂತೆ ತೆಳುವಾದ ಚಪ್ಪಟೆ ಕಾಯಿಗಳು. ದನಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಆದುದರಿಂದಲೇ ಮಿಕ್ಕೆಲ್ಲವನ್ನೂ ಮೇದು ಬೋಳಾದ ಗೋಮಾಳದಲ್ಲಿಯೂ ತಂಗಡಿಯು ಹೂ ಹೊತ್ತು ನಿಂತಿರುತ್ತದೆ.

ಇದರ ಹೂವಿನಲ್ಲಿ ಮಧುವಿಲ್ಲ. ಪರಾಗವಿದೆ, ಅದೂ ಬಾಯಿ ಬಿಗಿದ ಚೀಲಗಳಲ್ಲಿ, ತುದಿಯ ಸಣ್ಣ ರಂಧ್ರದ ಹಿಂದೆ ಅಡಗಿರುತ್ತದೆ. ಮರ ಕೊರೆಯುವ ಕರಿಯ ದುಂಬಿಯು ಬಂದು ಹೂವನ್ನು ಅವುಚಿ ಹಿಡಿದು ಮೈಯನ್ನು ನಡುಗಿಸಿ ಝೇಂಕರಿಸಿದಾಗ ಆ ಕಂಪನಕ್ಕೆ ಪರಾಗವು ಉದುರಿ ದುಂಬಿಯ ಮೈಗೆ ಹತ್ತುತ್ತದೆ. ತಂಗಡಿಯ ಜಾತಿಯ ಗಿಡಗಳ ಎಲೆಯ ಮೇಲೆ ಮೊಟ್ಟೆಯಿಟ್ಟು ವಂಶವನ್ನು ಬೆಳೆಸುವ ತಿಳಿಹಳದಿಯ ಚಿಟ್ಟೆಗಳೂ ಉಂಟು. ಹೀಗೆ ಮನುಷ್ಯನು ಪಾಳು ಎಂದು ಹೆಸರಿಟ್ಟ ನೆಲದಲ್ಲಿ ಒಂದು ಸಂಸಾರವೇ ನಡೆಯುತ್ತಿರುತ್ತದೆ.

ಮನುಷ್ಯನಿಗೆ ಈ ಗಿಡವು ಮಾಡಿದ ಉಪಕಾರವೂ ಸಣ್ಣದಲ್ಲ. ಇದರ ಸೊಪ್ಪನ್ನು ಗದ್ದೆಗೆ ಗೊಬ್ಬರವಾಗಿ ತುಳಿಯುತ್ತಿದ್ದರು. ಹೂವನ್ನು ಒಣಗಿಸಿ ಕಷಾಯ ಮಾಡುವ ಪದ್ಧತಿ ಇಂದಿಗೂ ಇದೆ. ಎಲ್ಲಕ್ಕಿಂತ ಮಿಗಿಲಾದುದು ತೊಗಟೆ. ಚರ್ಮವನ್ನು ಹದಮಾಡುವ ಒಗರು ಅದರಲ್ಲಿ ಹೇರಳವಾಗಿರುವುದರಿಂದ ಹಿಂದಿನ ಮೈಸೂರು ಸಂಸ್ಥಾನದ ಸೀಮೆಯಲ್ಲಿ ಚರ್ಮದ ಕೆಲಸಕ್ಕೆ ತಂಗಡಿಯ ತೊಗಟೆಯೇ ಆಧಾರವಾಗಿತ್ತು. ಪರದೇಶದ ಮರದ ತೊಗಟೆಯೂ ಅನಂತರ ಕ್ರೋಮಿಯಂ ಲವಣವೂ ಬರುವವರೆಗೆ ಈ ಸ್ಥಿತಿಯು ನಡೆಯಿತು. ಕಾಲಿನ ಮೆಟ್ಟು, ಎತ್ತಿನ ಕೊರಳಪಟ್ಟಿ, ಕಪಿಲೆಯ ತೊಗಲಿನ ಚೀಲ ಇವುಗಳಿಗೆಲ್ಲ ಬಹುಮಟ್ಟಿಗೆ ಇದೇ ಹದ. ಕಪಿಲೆಯಿಂದ ನೀರೆತ್ತಿ ಮಲ್ಲಿಗೆಯ ಪಾತಿಗೆ ಹಾಯಿಸಿದ ಗೃಹಸ್ಥನಿಗೆ ಆ ನೀರು ತಂಗಡಿಯ ಹಂಗಿನಿಂದ ಮೇಲೆ ಬಂದುದೆಂಬ ನೆನಪಾದರೂ ಇತ್ತೆ? ಮಲ್ಲಿಗೆಗೆ ಪಾತಿ ದೊರೆಯಿತು. ತಂಗಡಿಗೆ ಬೇಲಿಯ ಹೊರಗಣ ನೆಲವೇ ಉಳಿಯಿತು. ತೊಗಟೆಯನ್ನು ಸುಲಿದು, ಕುಟ್ಟಿ, ಚರ್ಮವನ್ನು ಹದಮಾಡಿದವರಿಗೂ ಊರಿನ ಹೊರಗಣ ನೆಲವೇ ದೊರೆಯಿತೆಂಬುದನ್ನು ಇಲ್ಲಿ ಮರೆಯಕೂಡದು. ಕೆಲಸವನ್ನು ಕೊಂಡು ಕೆಲಸಗಾರನನ್ನು ದೂರವಿಟ್ಟ ಆ ಪದ್ಧತಿಯ ನೆರಳು ಗಿಡದ ಮೇಲೆಯೂ ಬಿದ್ದಿತೆಂದು ಊಹಿಸಿದರೆ ತಪ್ಪಾಗಲಾರದು.

ಇಷ್ಟನ್ನು ಹೇಳಿ, ‘ಆದುದರಿಂದ ಹಿತ್ತಲಲ್ಲಿ ತಂಗಡಿಯನ್ನು ನೆಡಿರಿ’ ಎಂದು ಮುಗಿಸುವುದು ಸುಲಭ. ಆದರೆ ಇದಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತುಗಳೂ ಬಲವುಳ್ಳವೇ.

ಮೊದಲನೆಯ ಆಕ್ಷೇಪ ಇದು: ತೋಟವಿರುವುದು ಬಲಹೀನರಿಗಾಗಿ. ತನ್ನಷ್ಟಕ್ಕೆ ತಾನು ಬದುಕಬಲ್ಲ ಗಿಡಕ್ಕೆ ತೋಟವೇಕೆ, ತೋಟಗಾರನೇಕೆ? ಕಾಳಿದಾಸನ ಶಾಕುಂತಲದಲ್ಲಿ, ಗಿಡಗಳಿಗೆ ನೀರೆರೆಯದೆ ತಾನು ನೀರು ಕುಡಿಯದವಳೆಂದು ಶಕುಂತಲೆಯನ್ನು ಕಣ್ವರು ತಪೋವನದ ಮರಗಳ ಮುಂದೆ ಹೊಗಳುತ್ತಾರೆ. ಬಾಯಾರಿದವರಿಗೆ ನೀರು ಕೊಡುವುದೇ ಧರ್ಮವಾದರೆ ಹೆಚ್ಚು ಬಾಯಾರುವ ಗುಲಾಬಿಗೇ ಹೆಚ್ಚು ನೀರು ಸಲ್ಲಬೇಕು. ಬಾಯಾರಿಕೆಯನ್ನೇ ಅರಿಯದ ತಂಗಡಿಯನ್ನು ಒಳಕ್ಕೆ ತಂದು ಸಾಕುವುದು ಉಂಡವನಿಗೆ ಎಲೆ ಹಾಕಿದಂತೆ.

ಈ ಮಾತಿನಲ್ಲಿ ಸತ್ಯವಿದೆ. ಆದರೆ ಬಲಹೀನತೆಯು ಎರಡು ಬಗೆ: ಹುಟ್ಟಿನಿಂದ ಬಂದುದು ಒಂದು, ಸ್ಥಾನದಿಂದ ಬಂದುದು ಇನ್ನೊಂದು. ತಂಪಾದ ಬೆಟ್ಟದ ಮೇಲೆ ಗುಲಾಬಿಯು ಬಲಹೀನವಲ್ಲ; ಅದನ್ನು ಅರಸೀಕೆರೆಯ ಬಿಸಿಲಿಗೆ ತಂದು ನಿಲ್ಲಿಸಿದವನು ಅದನ್ನು ಬಲಹೀನವನ್ನಾಗಿ ಮಾಡಿದನು. ಹಳೇಬೀಡಿನ ದೇವಾಲಯದ ಸುತ್ತಲಿನ ಹಸಿರು ಹುಲ್ಲುಹಾಸನ್ನು ನೋಡಿ ಮೆಚ್ಚಿ, ಮನೆಯ ಮುಂದೆಯೂ ಅಂಥದನ್ನು ಹಾಸಿಸಿ, ಚೈತ್ರ ವೈಶಾಖಗಳಲ್ಲಿ ಅದು ಒಣಗದಂತೆ ಕೊಳವೆ ಬಾವಿಯನ್ನು ಆಳಕ್ಕಿಳಿಸುವವನು ದೀನರಕ್ಷಣೆಯನ್ನು ಮಾಡುತ್ತಿರುವನೆಂದು ಹೇಳಲಾಗುವುದಿಲ್ಲ. ತನ್ನ ಇಚ್ಛೆಯ ಸಾಲವನ್ನು ಊರಿನ ನೀರಿನಿಂದ ತೀರಿಸುತ್ತಿದ್ದಾನೆ. ಹಾಗೆಂದು ಈಗಾಗಲೇ ನೆಟ್ಟ ಗುಲಾಬಿಯನ್ನು ಒಣಗಿಸಿ ಕೊಲ್ಲಬೇಕೆಂಬುದು ನ್ಯಾಯವಲ್ಲ. ಕರೆದು ತಂದವನಿಗೆ ಅನ್ನವಿಡುವ ಹೊಣೆಯೂ ಇದೆ. ಆದರೆ ಸಾಕಲಾರದ ಅತಿಥಿಗಳನ್ನು ಮತ್ತೆ ಮತ್ತೆ ಕರೆದು, ಮನೆಯವರನ್ನು ಉಪವಾಸವಿಡುವುದು ಆತಿಥ್ಯವಲ್ಲ. ಅದೇ ಶಾಕುಂತಲದ ಮೊದಲನೆಯ ಅಂಕದಲ್ಲಿ, ಅರಮನೆಯ ಉದ್ಯಾನವನ್ನು ಬಲ್ಲ ರಾಜನು, ಕಾಡಿನ ಬಳ್ಳಿಗಳು ಗುಣದಲ್ಲಿ ತೋಟದ ಬಳ್ಳಿಗಳನ್ನು ಹಿಂದೆ ಹಾಕಿದುವೆಂದು ಬೆರಗಾಗುತ್ತಾನೆ. ಆ ಬಳ್ಳಿಗಳೂ ಶಕುಂತಲೆಯ ಕೈಯ ನೀರನ್ನು ಕುಡಿದವೇ ಆಗಿದ್ದುವು. ಆದರೆ ಅವು ಆ ನೆಲದವು.

ಎರಡನೆಯ ಆಕ್ಷೇಪವು ದೇವರ ಪೂಜೆಯನ್ನು ಕುರಿತದ್ದು. ಗೃಹಸ್ಥನು ಹೂಗಿಡವನ್ನು ಬೆಳೆಸುವುದು ಪೂಜೆಗೆ. ಗಂಧವಿಲ್ಲದ, ಹೊಲದಂಚಿನ ತಂಗಡಿಯನ್ನು ದೇವರಿಗೆ ಯಾರು ಏರಿಸುತ್ತಾರೆ ಎಂದು ಕೇಳಬಹುದು. ಇದಕ್ಕೆ ದೀರ್ಘವಾದ ಸಮಾಧಾನ ಬೇಕಾಗಿಲ್ಲ. ಭಗವದ್ಗೀತೆಯಲ್ಲಿ ಎಲೆ, ಹೂ, ಹಣ್ಣು, ನೀರು ಎಂದು ಹೇಳಿದೆಯೇ ಹೊರತು ಇಂಥದೇ ಹೂವೆಂದು ಹೆಸರಿಸಿಲ್ಲ. ಭಕ್ತಿಯೊಂದನ್ನು ಮಾತ್ರ ಕೇಳಿದೆ. ದೀಪಾವಳಿಯಲ್ಲಿ ಹಟ್ಟಿಯ ಲಕ್ಕವ್ವನೆಂದು ಸಗಣಿಯ ಉಂಡೆಗಳನ್ನಿಟ್ಟು ಹೊಲದ ಹೂಗಳಿಂದ ಸಿಂಗರಿಸುವ ಒಕ್ಕಲುಮನೆಗಳಲ್ಲಿ ತಂಗಡಿಯು ಎಂದೂ ಅನ್ಯವಾಗಿರಲಿಲ್ಲ. ತೆಲಂಗಾಣದಲ್ಲಿ ಬತುಕಮ್ಮನ ಹಬ್ಬಕ್ಕೆ ಹೆಂಗಸರು ಇದೇ ಹೂವನ್ನು ಅಟ್ಟಣೆಯಾಗಿ ಪೇರಿಸುತ್ತಾರೆ. 2014ರಲ್ಲಿ ಆ ರಾಜ್ಯವು ಹುಟ್ಟಿದಾಗ ಇದನ್ನೇ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿತು. ಯೋಗ್ಯತೆಯು ಹೂವಿನಲ್ಲಿ ಮೊದಲಿನಿಂದಲೂ ಇತ್ತು. ತಡವಾದುದು ಮನುಷ್ಯನ ಗುರುತಿಸುವಿಕೆ.

ಮೂರನೆಯ ಆಕ್ಷೇಪವೊಂದಿದೆ. ಇದು ಮೊದಲಿನ ಎರಡಕ್ಕಿಂತ ಗಹನವಾದುದು; ಇದನ್ನು ಎತ್ತತಕ್ಕವರು ತಂಗಡಿಯ ವಿರೋಧಿಗಳಲ್ಲ, ಅದರ ಪಕ್ಷದವರೇ. ತಂಗಡಿಯನ್ನು ಹಿತ್ತಲಿಗೆ ತರುವುದೇತಕ್ಕೆ? ಅದು ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ದನ ಮೇಯುವುದಿಲ್ಲ, ಖರ್ಚಿಲ್ಲ ಎಂದಲ್ಲವೆ? ಹಾಗಾದರೆ ಅದನ್ನು ಗೌರವಿಸಿದಂತಾಯಿತೊ, ಅದರ ಸೈರಣೆಯನ್ನು ಲಾಭಕ್ಕೆ ಬಳಸಿಕೊಂಡಂತಾಯಿತೊ?

ಈ ಪ್ರಶ್ನೆಯು ಗಿಡವನ್ನು ದಾಟಿ ಮನೆಯೊಳಕ್ಕೆ ಬರುತ್ತದೆ. ಓದುಬರಹ ಬಲ್ಲ ಮನೆತನಗಳಲ್ಲಿಯೂ ಇಂಥ ಮಾತುಗಳನ್ನು ಕೇಳಬಹುದು: ‘ನಮ್ಮ ದೊಡ್ಡಮ್ಮನವರಿಗೆ ಏನಾದರೂ ಆದೀತು, ಅವರು ಏನನ್ನೂ ಕೇಳುವವರಲ್ಲ.’ ‘ಸೊಸೆ ಬಂದು ಹತ್ತು ವರ್ಷವಾಯಿತು, ಒಂದು ದಿನ ಒಂದು ಸೀರೆಗೆ ಬಾಯಿ ಬಿಟ್ಟವಳಲ್ಲ.’ ‘ನಮ್ಮ ತೋಟದ ಆಳು ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ.’ ಇವೆಲ್ಲ ಹೊಗಳಿಕೆಯ ಮಾತುಗಳೇ. ಆದರೆ ಈ ಹೊಗಳಿಕೆಯ ಬಲದಿಂದಲೇ ದೊಡ್ಡಮ್ಮನಿಗೆ ಹರಿದ ಕಂಬಳಿಯೂ, ಸೊಸೆಗೆ ಎಲ್ಲರ ಊಟವಾದ ಮೇಲಿನ ತಳದ ಸಾರೂ, ಆಳಿಗೆ ಹಳೆಯ ಕೂಲಿಯೂ ಗೊತ್ತಾಗಿಬಿಡುತ್ತವೆ. ಅಪರಿಗ್ರಹವು ಮಹಾವ್ರತ, ಆದರೆ ಅದು ತಾನಾಗಿ ಕೈಕೊಂಡವನಿಗೆ ವ್ರತವೇ ಹೊರತು ಇನ್ನೊಬ್ಬರ ಮೇಲೆ ಹೊರಿಸಲು ಬರುವುದಿಲ್ಲ. ಇನ್ನೊಬ್ಬರ ಹಸಿವನ್ನು ಅವರ ಸದ್ಗುಣವೆಂದು ಕೊಂಡಾಡುವವನು ತನ್ನ ಜಿಪುಣತನಕ್ಕೆ ಧರ್ಮದ ಹೆಸರನ್ನಿಡುತ್ತಾನೆ. ಊರುಗಳ ವಿಷಯದಲ್ಲಿಯೂ ಹೀಗೆಯೇ: ಬರವನ್ನು ಸಹಿಸಿ ಅಭ್ಯಾಸವಾದ ಸೀಮೆಯೆಂದು ಹೇಳಿ ಅದರ ಕೆರೆಯ ಹೂಳನ್ನು ತೆಗೆಸದೆ ಬಿಟ್ಟವರು ಎಲ್ಲ ಕಾಲದಲ್ಲಿಯೂ ಇದ್ದಾರೆ.

ಈ ಆಕ್ಷೇಪಕ್ಕೆ ಸಮಾಧಾನವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕುವುದಕ್ಕಿಂತ ತಂಗಡಿಯನ್ನು ಬೆಳೆಸುವ ಕ್ರಮದಲ್ಲಿಯೇ ಹುಡುಕುವುದು ಲೇಸು. ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ಲೋಕೋಪಕಾರವೆಂಬ ಕನ್ನಡ ಗ್ರಂಥದಲ್ಲಿ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿದ್ಯೆಯೂ ಗಿಡಮರಗಳ ಆರೈಕೆಯೂ ಇತರ ಲೋಕವಿದ್ಯೆಗಳೊಡನೆ ಸ್ಥಾನ ಪಡೆದಿವೆ. ಗಿಡವನ್ನು ಬೆಳೆಸುವವನು ನೆಲವನ್ನೂ ನೀರನ್ನೂ ಬಲ್ಲವನಾಗಿರಬೇಕೆಂಬ ಅಭಿಪ್ರಾಯಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಕನ್ನಡದಲ್ಲಿ ಕೇಳಬೇಕಾಗಿಲ್ಲ.

ತಂಗಡಿಯ ಕಾಯಿಯು ಕಂದುಬಣ್ಣಕ್ಕೆ ತಿರುಗಿ ಒಣಗಿದ ಮೇಲೆ ಬೀಜವನ್ನು ಬಿಡಿಸಬೇಕು. ಅದರ ಸಿಪ್ಪೆಯು ಬಲು ಗಟ್ಟಿ; ಹಾಗೆಯೇ ಬಿತ್ತಿದರೆ ಕೆಲವು ಹುಟ್ಟಿ ಹಲವು ಹಾಗೆಯೇ ಉಳಿಯುತ್ತವೆ. ಮರಳಿನೊಡನೆ ಒರಟು ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿ, ಅಥವಾ ಬಿಸಿನೀರು ಹೊಯ್ದು ಒಂದು ರಾತ್ರಿ ನೆನೆಯಿಸಿ ಬಿತ್ತಬೇಕು. ಇದರ ತಾಯಿಬೇರು ಬೇಗನೆ ಆಳಕ್ಕಿಳಿಯುವುದರಿಂದ ಬೆಳೆದ ಗಿಡವನ್ನು ಕಿತ್ತು ನೆಟ್ಟರೆ ಬಾಳುವುದು ಕಷ್ಟ; ಮುಂಗಾರಿನ ಮೊದಲಲ್ಲಿ, ಇರಬೇಕಾದ ಸ್ಥಳದಲ್ಲಿಯೇ ಎರಡು ಮೂರು ಬೀಜಗಳನ್ನು ಊರುವುದು ಒಳ್ಳೆಯದು. ದಿನವೆಲ್ಲ ಬಿಸಿಲು ಬೀಳುವ, ನೀರು ನಿಲ್ಲದ ನೆಲವಾಗಿರಬೇಕು. ಹೂ ಮುಗಿದ ಮೇಲೆ ಕೊನೆಗಳನ್ನು ಸವರಿದರೆ ಗಿಡವು ಒತ್ತಾಗಿ ಬೆಳೆದು ಜೀವಂತವಾದ ಬೇಲಿಯಾಗುತ್ತದೆ. ಇದು ದ್ವಿದಳಧಾನ್ಯಗಳ ಕುಲದ್ದಾದರೂ ಹುರುಳಿ ಅವರೆಗಳಂತೆ ಬೇರಿನ ಗಂಟುಗಳಿಂದ ನೆಲಕ್ಕೆ ಸಾರವನ್ನು ತುಂಬುವುದೆಂದು ನಿರೀಕ್ಷಿಸಬಾರದು. ಇಲ್ಲದ ಗುಣವನ್ನು ಆರೋಪಿಸಿ ಹೊಗಳುವುದೂ ಒಂದು ಅನ್ಯಾಯವೇ.

ಈಗ ಮುಖ್ಯವಾದ ಮಾತು. ಬರವನ್ನು ತಾಳುವ ಶಕ್ತಿಯು ತಂಗಡಿಗೆ ಹುಟ್ಟಿನೊಡನೆ ಬರುವುದಿಲ್ಲ. ಬೇರು ಆಳಕ್ಕೆ ಹೋಗುವವರೆಗೆ ಅದೂ ಉಳಿದ ಸಸಿಗಳಂತೆ ಎಳೆಯ ಸಸಿಯೇ. ಬಯಲಿನಲ್ಲಿ ಒಂದು ಗಿಡವು ಹೂ ಹೊತ್ತು ನಿಂತಿರುವುದನ್ನು ಕಂಡು, ಇದಕ್ಕೆ ನೀರೇ ಬೇಡವೆಂದು ಹೇಳುವವನು, ಅದರ ಸುತ್ತ ಹುಟ್ಟಿ ಮೊದಲನೆಯ ಬೇಸಗೆಯಲ್ಲಿಯೇ ಸತ್ತ ಸಸಿಗಳನ್ನು ಕಂಡಿರುವುದಿಲ್ಲ. ಉಳಿದುದನ್ನು ನೋಡಿ ಸೈರಣೆಯನ್ನು ಹೊಗಳುವಾಗ ಅಳಿದುವುಗಳ ಲೆಕ್ಕವು ಬಿಟ್ಟುಹೋಗುತ್ತದೆ. ಮನೆಯಲ್ಲಿ ನೆಟ್ಟ ತಂಗಡಿಗೆ ಮೊದಲ ವರ್ಷ ಮಳೆಯಿಲ್ಲದ ವಾರಗಳಲ್ಲಿ ಒಂದೊಂದು ಚೆಂಬು ನೀರು ಬೇಕು. ಮೊದಲನೆಯ ಬೇಸಗೆಯನ್ನು ಕಾಯ್ದು ದಾಟಿಸಬೇಕು. ಆಮೇಲೆ ನೀರನ್ನು ಕಡಮೆ ಮಾಡುತ್ತ ಬಂದು ನಿಲ್ಲಿಸಬೇಕು. ಬೇರೂರಿದ ಮೇಲೂ ಪ್ರೀತಿಯಿಂದ ನಿತ್ಯವೂ ನೀರು ಸುರಿದರೆ ಎಲೆ ಹೆಚ್ಚಿ ಹೂ ತಗ್ಗುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ.

ಇದರಿಂದ ತಿಳಿಯತಕ್ಕ ಸಂಗತಿಗಳು ಎರಡು. ಅಲ್ಪವನ್ನು ಬೇಡುವುದು ಬೇರೆ, ಏನೂ ಬೇಡದಿರುವುದು ಬೇರೆ, ತಂಗಡಿಯು ಮೊದಲನೆಯದು. ಸಕಾಲದಲ್ಲಿ ಒಂದು ಚೆಂಬು ನೀರು, ಸದಾಕಾಲವೂ ಒಂದು ಮೊಳ ನೆಲ, ಇಷ್ಟು ಅದಕ್ಕೆ ಬೇಕು. ನೀರಿಗಿಂತ ನೆಲವೇ ಇಂದು ದುರ್ಲಭವಾಗಿದೆ. ಗೋಮಾಳಗಳು ನಿವೇಶನಗಳಾಗುತ್ತಿರುವಾಗ, ದಾರಿಗಳು ಅಗಲವಾಗುತ್ತಿರುವಾಗ, ಪಾಳುನೆಲವೆಂದು ಹೆಸರು ಹೊತ್ತ ಬಯಲುಗಳನ್ನು ಹಸನು ಮಾಡುತ್ತಿರುವಾಗ, ‘ಅದು ಎಲ್ಲಾದರೂ ಬೆಳೆದುಕೊಳ್ಳುತ್ತದೆ’ ಎಂಬ ಮಾತು ದಿನದಿನಕ್ಕೆ ಸುಳ್ಳಾಗುತ್ತಿದೆ. ಎರಡನೆಯದಾಗಿ, ಕೊಡುವವನು ತನ್ನ ಸಂತೋಷಕ್ಕೆ ಬೇಕಾದಷ್ಟನ್ನು ಕೊಡುವುದು ದಾನವಲ್ಲ. ಪಡೆಯುವವನಿಗೆ ಬೇಕಾದುದನ್ನು ತಿಳಿದು ಕೊಡಬೇಕು. ಗುಲಾಬಿಯ ಅಳತೆಯಲ್ಲಿ ತಂಗಡಿಗೆ ನೀರು ಸುರಿಯುವುದೂ ತಪ್ಪು, ತಂಗಡಿಯ ಅಳತೆಯಲ್ಲಿ ಗುಲಾಬಿಯನ್ನು ಒಣಗಿಸುವುದೂ ತಪ್ಪು. ಬೇಡುವವನು ತನ್ನ ಅಳತೆಯನ್ನು ತಾನೇ ಹೇಳುತ್ತಾನೆ. ಬೇಡದವನ ಅಳತೆಯನ್ನು ಕೊಡುವವನೇ ನೋಡಿ, ಕೇಳಿ, ಅರಿತುಕೊಳ್ಳಬೇಕಾಗುತ್ತದೆ. ಆದುದರಿಂದ ಬೇಡದವನ ವಿಷಯದಲ್ಲಿ ಗೃಹಸ್ಥನ ಶ್ರಮವು ಕಡಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಈ ತತ್ತ್ವವು ತಂಗಡಿಯೊಂದಕ್ಕೇ ಸಲ್ಲತಕ್ಕುದಲ್ಲ. ಬೇಲೂರಿನ ಪಡುವಣ ಭಾಗದ ತೇವದ ನೆಲದಲ್ಲಿ ತಂಗಡಿಯನ್ನು ನೆಟ್ಟರೆ ಅದಕ್ಕೇ ಹಿಂಸೆ. ಅಲ್ಲಿಗೆ ಕೇಪಳದಂಥ ಮಲೆನಾಡಿನ ಹೂಗಿಡವು ತಕ್ಕುದು. ಹಳೇಬೀಡಿನಿಂದ ಮೂಡಲಿಗೆ ತಂಗಡಿಯೂ ಗೋರಂಟೆಯೂ ಒಗ್ಗುತ್ತವೆ. ಯಾವ ಗಿಡವೆಂಬುದನ್ನು ನೆಲದ ಸ್ವಭಾವವು ನಿರ್ಣಯಿಸಬೇಕು. ಆ ನಿರ್ಣಯದಲ್ಲಿ ನೆರೆಯವನ ಬಾವಿಗೂ ಒಂದು ಮಾತು ಇರಬೇಕು.

ಹೀಗಿರುವಲ್ಲಿ ಗೃಹಸ್ಥನು ಮಾಡತಕ್ಕುದು ಕಷ್ಟವಾದುದೇನೂ ಅಲ್ಲ. ಹಿತ್ತಲಲ್ಲಿ ಈಗಿರುವ ಗಿಡಗಳನ್ನು ಅವುಗಳ ಆಯುಸ್ಸು ಇರುವವರೆಗೆ ಸಾಕಲಿ. ಅವುಗಳಲ್ಲಿ ಒಂದು ಮುಗಿದು ಪಾತಿಯು ತೆರವಾದಾಗ ಅಲ್ಲಿ ತಂಗಡಿಯ ಎರಡು ಬೀಜಗಳನ್ನು ಊರಲಿ. ಮೊದಲನೆಯ ಬೇಸಗೆಯಲ್ಲಿ ಅದನ್ನು ಮರೆಯದಿರಲಿ. ಸಂಜೆ ಚೆಂಬನ್ನು ಹಿಡಿದು ಅದರ ಬುಡಕ್ಕೆ ನೀರೆರೆದು ಒಳಗೆ ಬಂದವನು, ಎಲೆ ಹಾಕುವ ಹೊತ್ತಿನಲ್ಲಿ, ಏನನ್ನೂ ಕೇಳದ ದೊಡ್ಡಮ್ಮನನ್ನು ‘ಇನ್ನೇನು ಬೇಕು?’ ಎಂದು ಒಂದು ಸಲ ಕೇಳಲಿ. ಅವರು ‘ಏನೂ ಬೇಡಪ್ಪ’ ಎಂದಾರು. ಆ ಮಾತು ಯಾವ ಅರ್ಥದ್ದೆಂಬುದನ್ನು ತಿಳಿಯಲು ಇನ್ನೊಂದು ಸಲ ಕೇಳಬೇಕು.